ಪ್ರೇಕ್ಷಕ ಬಂದಿದ್ದ, ಶೋ ಇರಲಿಲ್ಲ

ಮಾನ್ಯ ಸಂಪಾದಕರೇ,

2025ರ ಕನ್ನಡ ಸಿನಿಮಾಗಳ ಬಗ್ಗೆ ಬಂದ ವರ್ಷಾಂತ್ಯದ ಬರಹಗಳಲ್ಲಿ ಎರಡು ಮಾತು ಮತ್ತೆ ಮತ್ತೆ ಕಾಣಿಸಿದವು. ‘ಜನ ಥಿಯೇಟರಿಗೆ ಬರುತ್ತಿಲ್ಲ’ ಎಂಬುದು ಒಂದು, ‘ಕಂಟೆಂಟ್ ಚೆನ್ನಾಗಿದ್ದರೆ ಬಂದೇ ಬರುತ್ತಾರೆ’ ಎಂಬುದು ಇನ್ನೊಂದು. ಎರಡನ್ನೂ ನಾನು ಒಪ್ಪುವುದಿಲ್ಲ. ಜುಲೈನಲ್ಲಿ ‘ಸು ಫ್ರಮ್ ಸೋ’ಗೆ, ಅಕ್ಟೋಬರಿನಲ್ಲಿ ‘ಕಾಂತಾರ: ಅಧ್ಯಾಯ 1’ಕ್ಕೆ ಮುಗಿಬಿದ್ದವರು ಇದೇ ಜನ. ಮಾರ್ಚ್‌ನಲ್ಲಿ ‘ಮಿಥ್ಯ’, ಏಪ್ರಿಲ್‌ನಲ್ಲಿ ‘ಅಜ್ಞಾತವಾಸಿ’ ಬಂದಾಗ ಮೆಚ್ಚುಗೆಗೆ ತಕ್ಕಷ್ಟು ಟಿಕೆಟ್ ಹರಿಯಲಿಲ್ಲ. ಆ ಎರಡರಲ್ಲಿ ಕಂಟೆಂಟ್ ಇರಲಿಲ್ಲ ಎಂದು ವಿಮರ್ಶಕರಾರೂ ಬರೆದ ಹಾಗಿಲ್ಲ. ಸಿನಿಮಾ ಮಾಡುವುದರಲ್ಲಿ ತೋರಿದ ಶ್ರದ್ಧೆಯನ್ನು ಬಿಡುಗಡೆ ಮಾಡುವುದರಲ್ಲಿ, ತೆರೆಯ ಮೇಲೆ ತೋರಿಸುವುದರಲ್ಲಿ ನಮ್ಮವರು ತೋರುತ್ತಿಲ್ಲ ಎಂಬುದಷ್ಟೇ ನನ್ನ ದೂರು.

ಮೊದಲು ಗೆದ್ದ ಚಿತ್ರದ ಮಾತು. ಜೆ.ಪಿ. ತೂಮಿನಾಡು ಬರೆದು ನಿರ್ದೇಶಿಸಿದ ‘ಸು ಫ್ರಮ್ ಸೋ’ ನನ್ನ ಲೆಕ್ಕದಲ್ಲಿ ವರ್ಷದ ಅತ್ಯುತ್ತಮ ಚಿತ್ರಕಥೆ. ಅದು ನಗಿಸುತ್ತದೆ ಎಂಬುದಕ್ಕಿಂತ ಹೇಗೆ ನಗಿಸುತ್ತದೆ ಎಂಬುದನ್ನು ನೋಡಬೇಕು. ಕಥೆಯ ನಾಯಕ ಅಶೋಕ ಸಿಕ್ಕಿಬಿದ್ದಾಗ ಮಾನ ಉಳಿಸಿಕೊಳ್ಳಲು ಮೈಮೇಲೆ ದೆವ್ವ ಬಂದಂತೆ ನಟಿಸುತ್ತಾನೆ. ನಂಬಿದ ಊರು ಒಂದು ಹೆಜ್ಜೆ ಮುಂದಿಟ್ಟಾಗಲೆಲ್ಲ ಅವನಿಗೆ ಹೊರಬರುವ ಒಂದೊಂದು ದಾರಿ ಮುಚ್ಚುತ್ತದೆ. ನಡುವಿನ ಒಂದು ದೃಶ್ಯ ಕಿತ್ತರೆ ಮುಂದಿನದಕ್ಕೆ ಕಾರಣವೇ ಇರುವುದಿಲ್ಲ. ನಮ್ಮ ಬಹುಪಾಲು ಹಾಸ್ಯಚಿತ್ರಗಳಲ್ಲಿ ಯಾವ ದೃಶ್ಯ ಕಿತ್ತರೂ ಏನೂ ಆಗುವುದಿಲ್ಲ. ಶನೀಲ್ ಗೌತಮ್ ಮಾಡಿದ ರವಿಯಣ್ಣ ಎಲ್ಲಿಯೂ ಜೋಕು ಹೇಳಲು ನಿಲ್ಲುವುದಿಲ್ಲ. ಅವನಿಗೆ ತನ್ನ ಮರ್ಯಾದೆಯ ಚಿಂತೆ, ನಗು ಬರುವುದು ನಮಗೆ. ದೆವ್ವವಾಗಿ ಬಂದಳೆಂದು ಊರು ನಂಬಿದ ಸೋಮೇಶ್ವರದ ಸುಲೋಚನಾಳ ಮಗಳು ಭಾನು ಕಥೆಯೊಳಗೆ ಬಂದ ಮೇಲೆ ಅದೇ ಸುಳ್ಳು ಅವಳ ನೆರವಿಗೆ ಒದಗುತ್ತದೆ. ರಾಜ್ ಬಿ. ಶೆಟ್ಟಿ ಮಾಡಿದ ಸ್ವಾಮೀಜಿಯ ಪ್ರಸಂಗ ಇನ್ನಷ್ಟು ಚಿಕ್ಕದಾಗಬಹುದಿತ್ತು ಎಂಬ ತಕರಾರು ನನಗಿದೆ, ಅವರ ಅಭಿಮಾನಿಗಳು ಮನ್ನಿಸಲಿ. ಮಂಗಳೂರು ಕಡೆಯ ಕನ್ನಡ ಬಯಲುಸೀಮೆಯಲ್ಲಿ ಓಡುವುದಿಲ್ಲ ಎಂಬ ಗಾಂಧಿನಗರದ ಹಳೆಯ ಭಯಕ್ಕೂ ಈ ಚಿತ್ರ ಉತ್ತರ ಕೊಟ್ಟಿತು. ಅದೇ ತಿಂಗಳು ಬಂದ ‘ಹೆಬ್ಬುಲಿ ಕಟ್’ ಉತ್ತರ ಕರ್ನಾಟಕದ ಮಾತಿನಲ್ಲಿ, ಒಬ್ಬ ಹುಡುಗನ ಕಟಿಂಗ್ ಆಸೆಯ ನೆಪದಲ್ಲಿ ಜಾತಿಯ ಪ್ರಶ್ನೆ ಎತ್ತಿತ್ತು. ಅದನ್ನು ನೋಡಬೇಕೆಂದವರಿಗೆ ಸಂಜೆಯ ಶೋ ಹುಡುಕುವುದೇ ಕೆಲಸವಾಯಿತು.

ಇಲ್ಲಿಗೆ ಬಿಡುಗಡೆಯ ವಿಷಯಕ್ಕೆ ಬಂದೆವು. ವ್ಯಾಪಾರದ ಲೆಕ್ಕಗಳ ಪ್ರಕಾರ ‘ಸು ಫ್ರಮ್ ಸೋ’ ಜುಲೈ 25ರ ಶುಕ್ರವಾರ ಒಂದು ಕೋಟಿಯನ್ನೂ ಮುಟ್ಟಲಿಲ್ಲ. ಭಾನುವಾರದ ಹೊತ್ತಿಗೆ ದಿನದ ಗಳಿಕೆ ಮೂರು ಕೋಟಿ ದಾಟಿತ್ತು. ಶೋಗಳು ಕಡಿಮೆ ಇದ್ದವು, ಇದ್ದವು ತುಂಬಿದವು, ತುಂಬಿದ್ದನ್ನು ಕಂಡು ಪ್ರದರ್ಶಕರೇ ಶೋ ಹೆಚ್ಚಿಸಿದರು. ಮಲಯಾಳಂ ಅವತರಣಿಕೆ ಆಗಸ್ಟ್ 1ಕ್ಕೆ, ತೆಲುಗು ಆಗಸ್ಟ್ 8ಕ್ಕೆ, ಅಂದರೆ ಇಲ್ಲಿನ ಮಾತು ಅಲ್ಲಿಗೆ ತಲುಪಿದ ಮೇಲೆ ಹೋದವು. ಎಲ್ಲ ಭಾಷೆಗಳಲ್ಲಿ ಒಂದೇ ದಿನ ಬಿಡುಗಡೆ ಮಾಡಿ ಎಲ್ಲ ಕಡೆಯೂ ಖಾಲಿ ಹಾಲ್ ನೋಡುವ ‘ಪ್ಯಾನ್ ಇಂಡಿಯಾ’ ಗೀಳಿಗಿಂತ ಇದು ಜಾಣತನ.

ಸಣ್ಣ ನಿರ್ಮಾಪಕರು ಸಾಮಾನ್ಯವಾಗಿ ಇದರ ತದ್ವಿರುದ್ಧ ಮಾಡುತ್ತಾರೆ. ಪೋಸ್ಟರಿನಲ್ಲಿ ‘ರಾಜ್ಯಾದ್ಯಂತ 100ಕ್ಕೂ ಹೆಚ್ಚು ಚಿತ್ರಮಂದಿರಗಳಲ್ಲಿ’ ಎಂದು ಹಾಕಿಸುವ ಆಸೆಗೆ ಬಿದ್ದು ಎಲ್ಲೆಡೆ ಬೆಳಿಗ್ಗೆ 10ರ ಒಂದೊಂದು ಶೋ ಪಡೆಯುತ್ತಾರೆ. ಲೆಕ್ಕ ಹಾಕಿ ನೋಡೋಣ. ಹಾಲಿಗೆ 250 ಸೀಟಿನಂತೆ ದಿನಕ್ಕೆ 25,000 ಸೀಟು. ಮೊದಲ ದಿನ ಸಾವಿರ ಜನ ಬಂದರೆಂದರೆ ಹಾಲಿಗೆ ಹತ್ತೇ ಜನ. ಹತ್ತು ಜನರ ನಡುವೆ ಯಾವ ಹಾಸ್ಯಕ್ಕೂ ನಗು ಹುಟ್ಟುವುದಿಲ್ಲ, ‘4% ತುಂಬಿತ್ತು’ ಎಂಬ ವರದಿ ಹೋಗುತ್ತದೆ, ಸೋಮವಾರ ಶೋ ಎತ್ತುತ್ತಾರೆ. ಇದೇ ಚಿತ್ರವನ್ನು 25 ಪರದೆಗಳಲ್ಲಿ ಸಂಜೆ 4 ಮತ್ತು 7ರ ಶೋಗೆ ಹಾಕಿದರೆ 12,500 ಸೀಟು. ಅದೇ ಸಾವಿರ ಜನ ಬಂದರೂ ಒಂದು ಶೋಗೆ ಇಪ್ಪತ್ತು. ಕೆಲಸ ಮುಗಿಸಿ ಬರುವವರಿಗೆ ಅನುಕೂಲದ ಹೊತ್ತಾದ್ದರಿಂದ ಅದಕ್ಕೂ ಹೆಚ್ಚೇ ಬರುತ್ತಾರೆ. ಡಿಜಿಟಲ್ ಪ್ರೊಜೆಕ್ಷನ್ ಸಂಸ್ಥೆಗಳಿಗೆ ಕಟ್ಟುವ ಶುಲ್ಕವೂ ಪರದೆಗಳ ಸಂಖ್ಯೆಯ ಜೊತೆ ಬೆಳೆಯುತ್ತದೆ. ಆ ಹಣದ ವ್ಯವಸ್ಥೆ ಆಗದೆ, ಫೈಲ್ ತೆರೆಯುವ ಡಿಜಿಟಲ್ ಕೀ ಸಮಯಕ್ಕೆ ಬಾರದೆ ಮೊದಲ ದಿನದ ಮೊದಲ ಶೋ ರದ್ದಾಗುವುದುಂಟು. ಪ್ರೇಕ್ಷಕನಿಗೆ ಹೇಳುವುದು ಮಾತ್ರ ‘ತಾಂತ್ರಿಕ ಕಾರಣ’.

ಸಂಜೆಯ ಶೋ ಯಾಕೆ ಸಿಗುವುದಿಲ್ಲ ಎಂದರೆ, ಮಲ್ಟಿಪ್ಲೆಕ್ಸ್‌ಗಳು ಮುಂದಿನ ವಾರದ ಪಟ್ಟಿಯನ್ನು ಕಳೆದ ವಾರಾಂತ್ಯದ ಅಂಕಿ ನೋಡಿ ವಾರದ ಮೊದಲ ಮೂರು ದಿನಗಳಲ್ಲಿ ನಿರ್ಧರಿಸುತ್ತವೆ. ಚಿತ್ರದ ಉದ್ದವೂ ಸೇರುತ್ತದೆ. ‘ಕಾಂತಾರ: ಅಧ್ಯಾಯ 1’ ಹತ್ತಿರ ಹತ್ತಿರ 169 ನಿಮಿಷ. ಇಂಟರ್‌ವಲ್, ಜಾಹೀರಾತು, ಹಾಲ್ ಗುಡಿಸುವ ಸಮಯ ಎಲ್ಲ ಸೇರಿ ಮುಕ್ಕಾಲು ಗಂಟೆ ಕೂಡಿಸಿದರೆ ಒಂದು ಶೋಗೆ ಮೂರೂವರೆ ಗಂಟೆ. ಬೆಳಿಗ್ಗೆ ಹತ್ತರಿಂದ ಮಧ್ಯರಾತ್ರಿಯವರೆಗೆ ನಾಲ್ಕೇ ಶೋ. 130 ನಿಮಿಷದ ಚಿತ್ರವಾದರೆ ಮೂರು ಗಂಟೆಯೊಳಗೆ ಮುಗಿದು, ಅರ್ಧ ಗಂಟೆ ಹಿಂದುಮುಂದಾದರೆ ಐದನೆಯದಕ್ಕೂ ಜಾಗ. ದೊಡ್ಡ ಚಿತ್ರ ಉದ್ದವಾದಷ್ಟೂ ಅದಕ್ಕೆ ಹೆಚ್ಚು ಪರದೆ ಬೇಕು, ಸಣ್ಣದಕ್ಕೆ ಅಷ್ಟು ಕಡಿಮೆ.

ದಿನಾಂಕದ ಆಯ್ಕೆ ಇನ್ನೂ ವಿಚಿತ್ರ. ‘ಮಿಥ್ಯ’ ಹೆತ್ತವರನ್ನು ಕಳೆದುಕೊಂಡ ಹುಡುಗನ ಕಥೆ. ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಬೇಕಾದ್ದು. ಅದು ತೆರೆಕಂಡದ್ದು ಮಾರ್ಚ್ 7ಕ್ಕೆ, ದ್ವಿತೀಯ ಪಿಯು ಪರೀಕ್ಷೆಯ ನಡುವೆ, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಎರಡು ವಾರ ಮುಂಚೆ. ರಂಗಾಯಣ ರಘು ಮಲೆನಾಡಿನ ಪೊಲೀಸ್ ಅಧಿಕಾರಿಯಾಗಿ ಹಿಡಿತ ಬಿಡದೆ ನಟಿಸಿದ ‘ಅಜ್ಞಾತವಾಸಿ’ ಬಂದದ್ದು ಏಪ್ರಿಲ್ 11ಕ್ಕೆ, ಐಪಿಎಲ್‌ನ ಭರಾಟೆಯಲ್ಲಿ. ಪ್ರತಿ ಸಂಜೆ ಏಳೂವರೆಗೆ ಪಂದ್ಯವಿರುವಾಗ ನಿಧಾನಗತಿಯ ಪತ್ತೇದಾರಿ ಚಿತ್ರಕ್ಕೆ ಉಳಿಯುವುದು ಮ್ಯಾಟಿನಿ ಮಾತ್ರ. ಆ ಚಿತ್ರದ ಮಂಜು, ಮಳೆ, ಮೌನಗಳಿಗೆ ಕತ್ತಲ ಹಾಲ್ ಬೇಕಿತ್ತು. ಬಹಳಷ್ಟು ಜನ ಮೇ 28ಕ್ಕೆ ಅದು ಒಟಿಟಿಗೆ ಬಂದ ನಂತರ ಮೊಬೈಲಿನಲ್ಲಿ ನೋಡಿ ‘ಥಿಯೇಟರಲ್ಲಿ ನೋಡಬೇಕಿತ್ತು’ ಎಂದರು. ಜುಲೈ 18ಕ್ಕೆ ‘ಎಕ್ಕ’ ಮತ್ತು ‘ಜೂನಿಯರ್’ ಒಟ್ಟಿಗೆ. ಎರಡರ ಹಾಡುಗಳೂ ಚಿತ್ರಗಳಿಗಿಂತ ಮುಂದೆ ಓಡಿದವು. ಒಂದು ರಾತ್ರಿಯ ಪ್ರೇಮಕಥೆಯನ್ನು ಗಡಿಯ ಕಾಡುದಾರಿಯಲ್ಲಿ ಬಿಗಿಯಾಗಿ ಹೇಳಿದ ‘ಏಳುಮಲೆ’ಗೆ ಸೆಪ್ಟೆಂಬರ್ ಮೊದಲ ವಾರ ಹೊಂದಿತು ಎಂದೇ ನನ್ನ ಭಾವನೆ.

ಡಿಸೆಂಬರಿನದು ಬೇರೆಯೇ ಕಥೆ. 11ಕ್ಕೆ ‘ದಿ ಡೆವಿಲ್’, 25ಕ್ಕೆ ‘ಮಾರ್ಕ್’ ಮತ್ತು ‘45’ ಒಂದೇ ದಿನ. ವರ್ಷವಿಡೀ ‘ಸ್ಟಾರ್ ಸಿನಿಮಾ ಇಲ್ಲ’ ಎಂದು ಬಾಗಿಲು ಹಾಕಿಕೊಂಡಿದ್ದ ಒಂಟಿ ಪರದೆಗಳಿಗೆ ಎರಡು ವಾರಗಳಲ್ಲಿ ಮೂರು ಸ್ಟಾರ್ ಚಿತ್ರ. ಎರಡು ಚಿತ್ರಮಂದಿರವಿರುವ ತಾಲ್ಲೂಕು ಕೇಂದ್ರದಲ್ಲಿ ಆ ವಾರ ಬೇರೆ ಯಾವ ಕನ್ನಡ ಚಿತ್ರಕ್ಕೂ ಜಾಗವಿಲ್ಲ. ಸಂಗೀತ ನಿರ್ದೇಶಕ ಅರ್ಜುನ್ ಜನ್ಯ ಮೊದಲ ಬಾರಿಗೆ ನಿರ್ದೇಶಿಸಿದ ‘45’ರ ವಸ್ತು ಧೈರ್ಯದ್ದು, ಅದನ್ನು ಜೀರ್ಣಿಸಿಕೊಂಡು ಮಾತನಾಡಲು ಜನರಿಗೆ ಒಂದು ವಾರವಾದರೂ ಬೇಕಿತ್ತು. ‘ದಿ ಡೆವಿಲ್’ಗೆ ನ್ಯಾಯಾಲಯದ ಆದೇಶದ ಮೇಲೆ ಟಿಕೆಟ್ ಆ್ಯಪಿನಲ್ಲಿ ರೇಟಿಂಗ್, ವಿಮರ್ಶೆಗಳನ್ನು ಮುಚ್ಚಿದ್ದನ್ನೂ ಇಲ್ಲಿ ಹೇಳಬೇಕು. ದುಡ್ಡಿಗೆ ಬರೆಸುವ ರೇಟಿಂಗ್ ಹಾವಳಿ ನಿಜ. ಆದರೆ ಆ ಬಾಗಿಲು ಎಲ್ಲರಿಗೂ ಮುಚ್ಚಿದರೆ ಸ್ಟಾರ್‌ಗೆ ಆಗುವ ನಷ್ಟ ಕಡಿಮೆ, ಬಾಯಿಮಾತನ್ನೇ ನಂಬಿದ ಹೊಸಬರಿಗೆ ಹೆಚ್ಚು. ಟಿಕೆಟ್ ಖರೀದಿಸಿ, ಶೋ ಮುಗಿದ ಮೇಲೆ ಮಾತ್ರ ಬರೆಯಲು ಬಿಡುವುದು ಆ್ಯಪ್‌ನವರಿಗೆ ಕಷ್ಟದ ಕೆಲಸವಲ್ಲ.

ಟಿಕೆಟ್ ದರದ ಬಗ್ಗೆ. ತೆರಿಗೆ ಬಿಟ್ಟು 200 ರೂಪಾಯಿ ಮೀರಬಾರದೆಂದು ಸರ್ಕಾರ ಸೆಪ್ಟೆಂಬರ್ 12ರಂದು ಅಧಿಸೂಚನೆ ಹೊರಡಿಸಿತು, 75 ಅಥವಾ ಅದಕ್ಕಿಂತ ಕಡಿಮೆ ಸೀಟಿನ ಐಷಾರಾಮಿ ಪರದೆಗಳಿಗೆ ವಿನಾಯಿತಿ ಕೊಟ್ಟಿತು. 23ಕ್ಕೆ ಹೈಕೋರ್ಟ್ ಮಧ್ಯಂತರ ತಡೆ ನೀಡಿತು. ಈ ಗದ್ದಲದಲ್ಲಿ ಇನ್ನೊಂದು ಬದಲಾವಣೆ ಯಾರ ಕಣ್ಣಿಗೂ ಬೀಳಲಿಲ್ಲ. ಸೆಪ್ಟೆಂಬರ್ 22ರಿಂದ 100 ರೂಪಾಯಿವರೆಗಿನ ಟಿಕೆಟ್ ಮೇಲಿನ ಜಿಎಸ್‌ಟಿ 12%ರಿಂದ 5%ಕ್ಕೆ ಇಳಿದಿದೆ, ಅದಕ್ಕೆ ಮೇಲ್ಪಟ್ಟರೆ 18% ಹಾಗೆಯೇ ಉಳಿದಿದೆ. ಮೂಲ ದರ 100 ಇಟ್ಟರೆ ಪ್ರೇಕ್ಷಕ ಕೊಡುವುದು 105, 200 ಇಟ್ಟರೆ 236. ನಾಲ್ವರ ಕುಟುಂಬಕ್ಕೆ 420 ಎಲ್ಲಿ, 944 ಎಲ್ಲಿ! 120 ರೂಪಾಯಿ ಇಡುವ ಒಂಟಿ ಪರದೆಯವರು ತೆರಿಗೆ ಸೇರಿ 141 ರೂಪಾಯಿ 60 ಪೈಸೆ ವಸೂಲಿ ಮಾಡುತ್ತಾರೆ. ನೂರಕ್ಕೆ ಇಳಿಸಿದರೆ ಅವರಿಗೆ ಟಿಕೆಟಿಗೆ 20 ರೂಪಾಯಿ ಕಡಿಮೆಯಾದರೂ ಪ್ರೇಕ್ಷಕನಿಗೆ 36ಕ್ಕೂ ಹೆಚ್ಚು ಉಳಿಯುತ್ತದೆ. ಹೊಸಬರ ಚಿತ್ರಕ್ಕೆ ಸೋಮವಾರದಿಂದ ಗುರುವಾರದವರೆಗಾದರೂ ನೂರರ ದರ ಇಡಲು ಯಾವ ಕಾನೂನೂ ಅಡ್ಡಿಯಿಲ್ಲ. ಎಲ್ಲ ಚಿತ್ರಕ್ಕೂ ಒಂದೇ ದರ ಎಂಬ ಹಟ ಬಿಡಬೇಕಷ್ಟೆ.

ಇನ್ನು ನಮ್ಮ ಪತ್ರಿಕೆಗಳ ವಿಮರ್ಶೆಯಲ್ಲಿ ಎಂದೂ ಕಾಣದ ವಿಷಯ: ಕೇಳಿಸುವುದು, ಕಾಣಿಸುವುದು. ‘ಕಾಂತಾರ: ಅಧ್ಯಾಯ 1’ರ ರಥದ ದೃಶ್ಯ, ಕಥೆಯ ಬಾಂಗ್ರ ರಾಜ್ಯದ ಕಲಾ ನಿರ್ದೇಶನ, ಅರವಿಂದ್ ಎಸ್. ಕಶ್ಯಪ್ ಅವರ ಛಾಯಾಗ್ರಹಣ ದೊಡ್ಡ ಪರದೆಗೆ ತಕ್ಕವು. ರುಕ್ಮಿಣಿ ವಸಂತ್ ಅವರ ಕನಕವತಿ ಚಿತ್ರದ ಅತ್ಯಂತ ಗಟ್ಟಿ ಬರವಣಿಗೆ. ಮೊದಲಾರ್ಧದ ಹಾಸ್ಯ ಸಡಿಲ. ಇದೆಲ್ಲ ನಾಲ್ಕಾರು ಕಡೆ ಬಂದಿದೆ. ಕ್ಲೈಮ್ಯಾಕ್ಸಿನಲ್ಲಿ ಹಿನ್ನೆಲೆ ಸಂಗೀತದಡಿ ಮಾತು ಮುಳುಗಿತು ಎಂಬ ಗೊಣಗಾಟವೂ ಕೇಳಿಬಂತು. ಎಲ್ಲ ಸಲವೂ ತಪ್ಪು, ಮಾತು-ಸಂಗೀತ ಬೆರೆಸಿ ಹದಗೊಳಿಸುವ ಮಿಕ್ಸಿಂಗ್‌ನವರದಲ್ಲ. ಚಿತ್ರದ ಧ್ವನಿಯನ್ನು ಥಿಯೇಟರಿನ ಪ್ರೊಸೆಸರ್ ಫೇಡರ್ (ಸದ್ದು ಏರಿಸಿ ಇಳಿಸುವ ಗುಂಡಿ) 7ರಲ್ಲಿರುತ್ತದೆಂದು ಭಾವಿಸಿ ಹದಗೊಳಿಸುತ್ತಾರೆ. ಜಾಹೀರಾತು, ಟ್ರೇಲರ್‌ಗಳ ಅಬ್ಬರಕ್ಕೆ ಜನ ಗೊಣಗಿದರೆಂದು ಆಪರೇಟರ್ 5ಕ್ಕೆ ಇಳಿಸಿ ಹಾಗೇ ಬಿಡುತ್ತಾನೆ. ಒಂದು ಅಂಕಿಗೆ ಸುಮಾರು 3.3 ಡೆಸಿಬಲ್‌ನಂತೆ ಆರೂವರೆ ಡೆಸಿಬಲ್ ಹೋಯಿತು. ಅಬ್ಬರದ ಸಂಗೀತ ಆಗಲೂ ಕೇಳುತ್ತದೆ, ಪಿಸುಮಾತಿನ ವ್ಯಂಜನಗಳು ಎಸಿಯ ಸದ್ದಿನಲ್ಲಿ ಕರಗುತ್ತವೆ. ಇದನ್ನರಿತ ಮಿಕ್ಸಿಂಗ್‌ನವರು ಮುಂದಿನ ಚಿತ್ರದಲ್ಲಿ ಎಲ್ಲವನ್ನೂ ಏರಿಸುತ್ತಾರೆ, ಆಪರೇಟರ್ ಇನ್ನಷ್ಟು ಇಳಿಸುತ್ತಾನೆ. ಇನ್ನೊಂದು ಸಾಮಾನ್ಯ ದೋಷವೆಂದರೆ ಪರದೆಯ ಹಿಂದಿನ ನಡು ಸ್ಪೀಕರ್ ಸೊರಗಿರುವುದು. ಮಾತು ಬಹುಪಾಲು ಅದೊಂದರಿಂದಲೇ ಬರುತ್ತದೆ. ಹಾಡು ಭರ್ಜರಿಯಾಗಿದ್ದು ಮಾತು ಮಾತ್ರ ದೂರದಿಂದ ಬಂದಂತಿದ್ದರೆ ಮ್ಯಾನೇಜರಿಗೆ ‘ಸೌಂಡ್ ಜಾಸ್ತಿ ಮಾಡಿ’ ಎನ್ನುವ ಬದಲು ‘ಸೆಂಟರ್ ಸ್ಪೀಕರ್ ನೋಡಿ’ ಎನ್ನಬೇಕು.

ಬೆಳಕಿನದೂ ಇದೇ ಪಾಡು. ‘ಮಹಾವತಾರ ನರಸಿಂಹ’ವನ್ನು ಮಕ್ಕಳಿಗೆ ತ್ರೀಡಿಯಲ್ಲಿ ತೋರಿಸಿದವರಲ್ಲಿ ಹಲವರು ಚಿತ್ರ ಮಂಕಾಗಿತ್ತು ಎಂದರು. ಟೂಡಿಗೆ ಪರದೆಯ ಮೇಲೆ ಇರಬೇಕಾದ ಬೆಳಕಿನ ಪ್ರಮಾಣ 14 ಫುಟ್-ಲ್ಯಾಂಬರ್ಟ್ (ಪರದೆಯ ಹೊಳಪಿನ ಅಳತೆ). ತ್ರೀಡಿ ಫಿಲ್ಟರ್, ಕನ್ನಡಕ ದಾಟಿ ಕಣ್ಣಿಗೆ ತಲುಪುವುದು ಹೆಚ್ಚೆಂದರೆ ಅದರ ಮೂರನೇ ಒಂದು ಭಾಗ. ಲ್ಯಾಂಪ್ ಹಳೆಯದಾಗಿದ್ದರೆ ಅದೂ ಇಲ್ಲ. ತ್ರೀಡಿ ಶೋ ಮುಗಿದ ಮೇಲೆ ಪ್ರೊಜೆಕ್ಟರ್ ಮುಂದಿನ ಫಿಲ್ಟರ್ ಸರಿಸದೆ ಅದೇ ಪರದೆಯಲ್ಲಿ ಟೂಡಿ ಚಿತ್ರ ಹಾಕುವ ಸೋಮಾರಿತನವೂ ಇದೆ. ‘ಅಜ್ಞಾತವಾಸಿ’ಯಂಥ ರಾತ್ರಿ ದೃಶ್ಯಗಳ ಚಿತ್ರಕ್ಕೆ ಹೀಗಾದರೆ ನೋಡಲು ಏನೂ ಉಳಿಯುವುದಿಲ್ಲ.

ಒಟಿಟಿ ಕುರಿತು ಒಂದೇ ಮಾತು. ಅಕ್ಟೋಬರ್ 2ಕ್ಕೆ ಬಂದ ‘ಕಾಂತಾರ: ಅಧ್ಯಾಯ 1’ ಕನ್ನಡವೂ ಸೇರಿ ದಕ್ಷಿಣದ ಭಾಷೆಗಳಲ್ಲಿ ಅಕ್ಟೋಬರ್ 31ಕ್ಕೆ ಮನೆಗೆ ಬಂತು. ಹಿಂದಿಯದು ಎಂಟು ವಾರ ಕಾಯಿತು, ಏಕೆಂದರೆ ಹಿಂದಿ ಚಿತ್ರಗಳಿಗೆ ಮಲ್ಟಿಪ್ಲೆಕ್ಸ್‌ಗಳು ಆ ಅಂತರವಿಲ್ಲದೆ ಪರದೆ ಕೊಡುವುದಿಲ್ಲ. ಕನ್ನಡ ಚಿತ್ರ ಕನ್ನಡದಲ್ಲೇ ಬೇಗ ಥಿಯೇಟರ್ ಬಿಡಬೇಕೆಂಬ ಈ ವ್ಯವಸ್ಥೆಯನ್ನು ಚಲನಚಿತ್ರ ವಾಣಿಜ್ಯ ಮಂಡಳಿ ಪ್ರಶ್ನಿಸಬೇಡವೇ?

ಕೊನೆಗೆ ತಮ್ಮಲ್ಲಿ ಒಂದು ವಿನಂತಿ. ಶುಕ್ರವಾರದ ಸಿನಿಮಾ ಪುಟದಲ್ಲಿ ನಕ್ಷತ್ರಗಳ ಪಕ್ಕ ಚಿತ್ರದ ಅವಧಿ, ಇಂಗ್ಲಿಷ್ ಸಬ್‌ಟೈಟಲ್ ಇದೆಯೋ ಇಲ್ಲವೋ, ಜಿಲ್ಲಾ ಕೇಂದ್ರದಲ್ಲಿ ಸಂಜೆಯ ಶೋ ಯಾವ ಚಿತ್ರಮಂದಿರದಲ್ಲಿ ಎಂಬ ಮೂರು ಸಾಲು ಹಾಕಿ. ಎರಡನೇ ವಾರಕ್ಕೆ ಉಳಿದ ಸಣ್ಣ ಚಿತ್ರಗಳ ಪಟ್ಟಿಯನ್ನು ಬುಧವಾರ ಪ್ರಕಟಿಸಿ. ಹೆಸರು ಕೇಳಿ ನೋಡಬೇಕೆಂದುಕೊಂಡವರು ಅಷ್ಟರಲ್ಲಿ ಚಿತ್ರ ಎಲ್ಲಿದೆ ಎಂದು ಹುಡುಕುತ್ತಿರುತ್ತಾರೆ.

ಇಂತಿ,
ಒಬ್ಬ ಚಿತ್ರಪ್ರೇಕ್ಷಕ
ಶಿವಮೊಗ್ಗ