ಸಹಿ ಹಾಕುವ ಮೊದಲು ಒಂದು ಮಾತು, ಮಾರಾಯ

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಅಗ್ರಿಮೆಂಟಿನ ಫೋಟೋಗಳನ್ನು ಪೂರ್ತಿ ಓದಿದೆ. ಬೆಂಗಳೂರಿನ ಮ್ಯೂಸಿಕ್ ಕಂಪನಿಯೊಂದು ನಿಮ್ಮ ಬ್ಯಾಂಡಿನ ಹಾಡು ಕೇಳಿಕೊಂಡು ಬಂದಿದೆ ಅಂದರೆ ಖುಷಿಯೇ. ಆದರೆ ಮೂರನೇ ಪುಟ ನೋಡು. ರೆಕಾರ್ಡಿಂಗ್ ಎಂದೆಂದಿಗೂ ಅವರದ್ದು ಅಂತ ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ. ಅವರು ಕೊಡುವ ಹಣ ಒಂದು ಒಳ್ಳೆಯ ಡ್ರಮ್ ಸೆಟ್ಟಿಗೂ ಸಾಲದು.

2012ರಲ್ಲಿ ಕಾಪಿರೈಟ್ ಕಾನೂನಿಗೆ ತಿದ್ದುಪಡಿ ಆಯಿತು. ಹಾಡು ಬರೆದವನಿಗೂ ರಾಗ ಹಾಕಿದವನಿಗೂ ಬರಬೇಕಾದ ರಾಯಲ್ಟಿ ಪಾಲನ್ನು ಸಹಿ ಹಾಕಿಸಿಕೊಂಡು ಕಿತ್ತುಕೊಳ್ಳುವ ಹಾಗಿಲ್ಲ. ಅದಕ್ಕೆ ಆ ರಾಯಲ್ಟಿ ವಸೂಲು ಮಾಡಿ ಹಂಚುವ ಸಂಸ್ಥೆ ಐಪಿಆರ್‌ಎಸ್‌ನ ಸದಸ್ಯರಾಗಬೇಕು, ಆಗಿ. ರೆಕಾರ್ಡಿಂಗಿನ ಹಕ್ಕು ಮಾತ್ರ ಬೇರೆ. ಅದನ್ನು ಬಿಟ್ಟುಕೊಟ್ಟರೆ ನಿಮ್ಮದೇ ಹಾಡನ್ನು ನಿಮ್ಮದೇ ಚಾನೆಲ್ಲಿಗೆ ಹಾಕಲಿಕ್ಕೂ ಅವರನ್ನು ಕೇಳಬೇಕು.

ಕಂಪನಿಗಿಂತ ಮೊದಲು ನೀವು ಐದು ಜನ ಒಂದು ಕಡೆ ಕೂತು ಮಾತಾಡಬೇಕು. ಯಾವ ಹಾಡು ಯಾರದ್ದು? ಸಾಲು ನಿನ್ನದು, ಸರಿ. ಆ ಎರಡನೇ ಹಾಡು ನಿಂತಿರುವುದೇ ಬೇಸ್ ಗಿಟಾರಿನ ಮೇಲೆ, ಅದನ್ನು ಬಾರಿಸುವವನಿಗೆ ಪಾಲಿಲ್ವಾ? ಡ್ರಮ್ಮರ್ ಈಗ ನಗುತ್ತಾನೆ, ಹಣ ಬಂದ ದಿನ ನಗುವುದಿಲ್ಲ. ಹಾಡಿಗೊಂದು ಹಾಳೆ, ಅದರಲ್ಲಿ ಶೇಕಡಾ ಇಷ್ಟಿಷ್ಟು ಅಂತ ಬರೆದು ಎಲ್ಲರೂ ಸಹಿ ಹಾಕಿ. ನನ್ನ ಕಣ್ಣೆದುರೇ ಒಡೆದ ಬ್ಯಾಂಡುಗಳಲ್ಲಿ ಹೆಚ್ಚಿನವು ಸಂಗೀತಕ್ಕಾಗಿ ಒಡೆದದ್ದಲ್ಲ, ಇಂಥ ಹಾಳೆ ಇಲ್ಲದ್ದಕ್ಕೆ.

ಸ್ಟ್ರೀಮಿಂಗಿನ ಹಣ ನಂಬಿ ಕೂರಬೇಡಿ. 2024ರಿಂದ ಸ್ಪಾಟಿಫೈಯಲ್ಲಿ ಒಂದು ಹಾಡು ಹನ್ನೆರಡು ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿಸದಿದ್ದರೆ ಅದಕ್ಕೆ ಕಾಸೇ ಇಲ್ಲ.

ನಮ್ಮ ಮಂಗಳೂರಲ್ಲಿ ಬ್ಯಾಂಡಿಗೆ ಊಟ ಹಾಕುವುದು ಮದುವೆ, ನಿನಗೆ ಗೊತ್ತಿದ್ದದ್ದೇ. ಮದುವೆಯ ಮುಂಚಿನ ರೋಸ್ ರಾತ್ರಿ, ರಿಸೆಪ್ಶನ್, ಕುಣಿಯಲಿಕ್ಕೆ ಬೈಲಾ, ಮಸಾಲಾ ಹಾಡು. ಒಬ್ಬ ಅಂಕಲ್ ಬಂದು ಅದೇ ಹಾಡು ಇನ್ನೊಮ್ಮೆ ಅನ್ನುತ್ತಾರೆ, ನೀವು ಬಾರಿಸುತ್ತೀರಿ. ಇದರಲ್ಲಿ ನಾಚಿಕೆ ಎಂಥದು? ಕುಣಿಯುವವರ ಕಾಲು ನೋಡಿಕೊಂಡು ಟೆಂಪೋ ಹಿಡಿಯಲು ಕಲಿತ ಡ್ರಮ್ಮರ್ ಯಾವ ಸ್ಟೇಜಿಗೂ ಹೆದರುವುದಿಲ್ಲ. ತೊಂದರೆ ಏನೆಂದರೆ ಈ ಕೆಲಸ ವರ್ಷವಿಡೀ ಇರುವುದಿಲ್ಲ. ಈಸ್ಟರ್‌ಗೆ ಮುಂಚಿನ ತಪಸ್ಸಿನ ಕಾಲದಲ್ಲಿ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಮದುವೆ ಇಲ್ಲ. ಜೂನ್ ಬಂದರೆ ಬಯಲಿನ ಕಾರ್ಯಕ್ರಮ ಬಂದ್. ತುಳುವರ ಆಟಿ ತಿಂಗಳಲ್ಲಿ ಯಾರ ಮನೆಯಲ್ಲೂ ಶುಭಕಾರ್ಯ ಇಲ್ಲ. ಹಾಗಾಗಿ ಡಿಸೆಂಬರ್, ಜನವರಿಯ ಪ್ರತಿ ಬುಕಿಂಗಿನಿಂದ ಒಂದು ಪಾಲು ತೆಗೆದಿಡಿ, ಮಳೆಗಾಲದಲ್ಲಿ ನಿಮ್ಮ ಹಾಡು ರೆಕಾರ್ಡ್ ಮಾಡಿ.

ಮಳೆಗಾಲದ ಪ್ರಾಕ್ಟೀಸ್ ಎಷ್ಟು ಕಷ್ಟ ಅಂತ ನನಗೂ ಗೊತ್ತು ಬಿಡು. ಕದ್ರಿಯ ಆ ಟೆರೇಸಿನ ಕೋಣೆಯಲ್ಲಿ ತಗಡಿನ ಮೇಲೆ ಮಳೆ ಬಿದ್ದರೆ ಸಿಂಬಲ್ ಕೂಡ ಕೇಳುತ್ತಿರಲಿಲ್ಲ. ಹೊಸ ತಂತಿ ಹಾಕಿ ವಾರ ಕಳೆಯುವುದರೊಳಗೆ ಬೆರಳಿಗೆ ತುಕ್ಕಿನ ಪುಡಿ ಅಂಟುತ್ತಿತ್ತು, ಗಿಟಾರಿನ ಚೀಲದ ಒಳಗೆಲ್ಲ ಬೂಸ್ಟು. ಪ್ರತಿ ಸಲ ಬಾರಿಸಿದ ಮೇಲೆ ತಂತಿ ಒರೆಸಿಡು, ಸೋಮಾರಿತನ ಮಾಡಬೇಡ.

ಸಿನಿಮಾದ ಹಂಗಿಲ್ಲದೆ ಬಾಳಿದವರು ಇಲ್ಲದಿಲ್ಲ. ಥರ್ಮಲ್ ಅಂಡ್ ಎ ಕ್ವಾರ್ಟರ್ ಅನ್ನುವ ರಾಕ್ ಬ್ಯಾಂಡ್ 1996ರಲ್ಲಿ ಬೆಂಗಳೂರಲ್ಲಿ ಶುರುವಾದದ್ದು. ಅವರು ಸಂಗೀತ ಶಾಲೆಯನ್ನೂ ಕಟ್ಟಿದರು. ರಾಕ್ ಅಲ್ಲದಿದ್ದರೂ ನಮ್ಮ ಕೊಂಕಣಿ ಕಲಾಸಂಸ್ಥೆ ಮಾಂಡ್ ಸೊಭಾಣ್ ನೋಡು. 1986ರಲ್ಲಿ ಹುಟ್ಟಿದ್ದು, ಶಕ್ತಿನಗರದಲ್ಲಿ ಸ್ವಂತ ಕಲಾಂಗಣವನ್ನೇ ಕಟ್ಟಿಕೊಂಡಿತು. ತಿಂಗಳ ಮೊದಲ ಭಾನುವಾರ ಅಂದರೆ ಅಲ್ಲಿ ಕಾರ್ಯಕ್ರಮ ಉಂಟು ಅಂತ ಜನರಿಗೆ ಗೊತ್ತು. ನಿಮಗೂ ಅಂಥದ್ದೊಂದು ದಿನ ಬೇಕು, ಸಣ್ಣ ಹಾಲ್ ಆದರೂ ಸಾಕು.

ಕಂಪನಿಯವರಿಗೆ ಇಲ್ಲ ಅನ್ನಬೇಡ. ರೆಕಾರ್ಡಿಂಗ್ ನಮ್ಮದೇ, ಮೂರು ವರ್ಷಕ್ಕೆ ಲೈಸೆನ್ಸ್ ಕೊಡುತ್ತೇವೆ ಅಂತ ಹೇಳಿ ನೋಡು. ಒಪ್ಪಿದರೆ ಹೊಸ ಕಾಗದವನ್ನು ಮೊದಲು ವಕೀಲರಿಗೆ ತೋರಿಸು, ಆಮೇಲೆ ನನಗೆ ಕಳಿಸು. ಶನಿವಾರ ರಾತ್ರಿ ಫೋನ್ ಮಾಡಬೇಡ, ಬೆಂದೂರಿನಲ್ಲಿ ಒಂದು ರಿಸೆಪ್ಶನ್‌ಗೆ ಸೌಂಡ್ ನೋಡಿಕೊಳ್ಳಲಿಕ್ಕುಂಟು.

ನಿನ್ನ,
ಹಳೇ ಗಿಟಾರಿನವ