ಇಸೆ-ಶಿಮಾ ನೋಡ್ಕೊಂಡು ಬಂದ್ವಿ, ಅಪ್ಪ ನೀವು ಇದನ್ನ ಪೂರ್ತಿ ಓದ್ಲೇಬೇಕು

ಅಮ್ಮಾ, ಅಪ್ಪಾ, ಅಜ್ಜಿ,

ಎಲ್ರಿಗೂ ನಮಸ್ಕಾರ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ಅರ್ಧಂಬರ್ಧ ಹೇಳಿದ್ದೆ, ಆಮೇಲೆ ಪಕ್ಕದ್ಮನೆ ಆಂಟಿ ಬಂದ್ರು ಅಂತ ನೀವೆಲ್ಲ ಆ ಕಡೆ ಹೋದ್ರಿ, ಅದಕ್ಕೆ ಇವತ್ತು ಕೂತು ಬರೀತಿದೀನಿ. ಅಮ್ಮ, ಅಜ್ಜಿಗೆ ಓದಿ ಹೇಳು. ಅಪ್ಪ, ನೀವು ಮಾತ್ರ ನೀವೇ ಓದಿ, ಯಾಕಂದ್ರೆ ಇದರಲ್ಲಿ ಅರ್ಧಕ್ಕರ್ಧ ಮರದ ವಿಷಯ, ನಲವತ್ತು ವರ್ಷ ಸಾಮಿಲ್ ನಡೆಸಿದವರಿಗಲ್ದೆ ಬೇರೆ ಯಾರಿಗೆ ಹೇಳ್ಲಿ ನಾನು.

ಇವ್ರಿಗೆ ವಾರದ ಕೊನೆಗೆ ಸೇರ್ಕೊಂಡು ರಜ ಸಿಕ್ತು, ಇಬ್ರೂ ಇಸೆ-ಶಿಮಾ ಕಡೆ ಹೋದ್ವಿ. ನಮ್ಮ ನಗೋಯಾದಿಂದ ದಕ್ಷಿಣಕ್ಕೆ, ಮಿಎ ಅನ್ನೋ ಪ್ರಾಂತ್ಯ, ಕಿನ್ತೆತ್ಸು ಎಕ್ಸ್‌ಪ್ರೆಸ್ ಟ್ರೈನಲ್ಲಿ ಒಂದೂವರೆ ಗಂಟೆ ಒಳಗೆ ಇಸೆ ಊರು ಬಂದ್ಬಿಡತ್ತೆ. ಅಲ್ಲಿಂದ ಇನ್ನೂ ಕೆಳಗೆ ತೋಬಾ, ಶಿಮಾ ಅಂತ ಹೋದ್ರೆ ಸಮುದ್ರ ನೆಲದೊಳಗೆ ನುಗ್ಗಿ ನುಗ್ಗಿ ಬಂದಿದೆ, ಎಲ್ಲಿ ನೋಡಿದ್ರೂ ಸಣ್ಣ ಸಣ್ಣ ದ್ವೀಪ, ಎಲ್ಲದರ ಮೇಲೂ ಕಾಡು. 2016ರಲ್ಲಿ ಜಿ7 ಶೃಂಗಸಭೆ ಆಗಿದ್ದು ಇಲ್ಲೇ, ಕಾಶಿಕೋಜಿಮಾ ಅನ್ನೋ ದ್ವೀಪದಲ್ಲಿ.

ಮೊದಲು ದೇವಸ್ಥಾನದ ವಿಷಯ. ಇಸೆ ಜಿಂಗೂ ಅಂದ್ರೆ ಜಪಾನಿನವರಿಗೆ ಎಲ್ಲಕ್ಕಿಂತ ದೊಡ್ಡ ಕ್ಷೇತ್ರ. ಒಂದೇ ಗುಡಿ ಅಲ್ಲ, ಚಿಕ್ಕದು ದೊಡ್ಡದು ಸೇರಿ 125 ಇವೆ. ಅದರಲ್ಲಿ ಮುಖ್ಯವಾದವು ಎರಡು, ಗೆಕೂ ಮತ್ತೆ ನೈಕೂ, ಅಂದ್ರೆ ಹೊರಗಿನದು ಒಳಗಿನದು, ಮೊದಲು ಹೊರಗಿನದಕ್ಕೆ ಹೋಗಿ ಆಮೇಲೆ ಒಳಗಿನದಕ್ಕೆ ಹೋಗಬೇಕು ಅನ್ನೋದು ಪದ್ಧತಿ. ಒಳಗಿನದು ಸೂರ್ಯದೇವಿ ಅಮಾತೆರಾಸು ಇರೋ ಜಾಗ. ಹೊರಗಿನ ದೇವಿ ತೊಯೊಉಕೆ, ಆಕೆ ಅನ್ನ ಆಹಾರ ನೋಡ್ಕೊಳ್ಳೋಳು, ಅಲ್ಲಿ ದಿನಾ ಬೆಳಿಗ್ಗೆ ಸಂಜೆ ಎರಡು ಹೊತ್ತು ನೈವೇದ್ಯ ಆಗತ್ತೆ, ಅದೂ ಮರಕ್ಕೆ ಮರ ಉಜ್ಜಿ ಬೆಂಕಿ ಹೊತ್ತಿಸಿ ಮಾಡಿದ ಅಡುಗೆ. ಅಜ್ಜಿ ಇದನ್ನ ಕೇಳಿದ್ರೆ ಎಷ್ಟು ಖುಷಿ ಪಡ್ತಾರೆ ಅಂತ ಅಲ್ಲೇ ಅಂದ್ಕೊಂಡೆ.

ಅಪ್ಪ ಈಗ ಕೇಳಿ. ಈ ಗುಡಿಗಳನ್ನ 20 ವರ್ಷಕ್ಕೊಂದ್ಸಲ ಪೂರ್ತಿ ಹೊಸದಾಗಿ ಕಟ್ತಾರೆ. ರಿಪೇರಿ ಅಲ್ಲ, ಬಣ್ಣ ಹೊಡೆಯೋದಲ್ಲ, ಪಕ್ಕದಲ್ಲೇ ಅಷ್ಟೇ ಅಳತೆಯ ಖಾಲಿ ಜಾಗ ಇಟ್ಟಿರ್ತಾರೆ, ಅಲ್ಲಿ ಅದೇ ಥರದ್ದು ಹೊಸದು ಕಟ್ಟಿ ದೇವರನ್ನ ರಾತ್ರಿ ಹೊತ್ತು ಅಲ್ಲಿಗೆ ಕರ್ಕೊಂಡು ಹೋಗ್ತಾರೆ, ಆಮೇಲೆ ಹಳೇದನ್ನ ಬಿಚ್ತಾರೆ. 690ರಲ್ಲಿ ಶುರುವಾಗಿದ್ದು, ನಡುವೆ ಯುದ್ಧಗಳ ಕಾಲದಲ್ಲಿ ನೂರಿಪ್ಪತ್ತು ವರ್ಷಕ್ಕೂ ಮೇಲೆ ನಿಂತಿತ್ತಂತೆ, ಮತ್ತೆ ಎತ್ತಿ ನಿಲ್ಲಿಸಿದಾರೆ. 2013ರಲ್ಲಿ ಆಗಿದ್ದು 62ನೇದು, ಇನ್ನು 2033ಕ್ಕೆ. ಕಂಬಗಳಿಗೆ ಕೆಳಗೆ ಕಲ್ಲು ಇಲ್ಲ, ಸೀದಾ ಮಣ್ಣಲ್ಲೇ ಹೂತಿರ್ತಾರೆ, ಬಣ್ಣ ಪಾಲಿಶ್ ಏನೂ ಇಲ್ಲ, ಮೇಲೆ ಹುಲ್ಲಿನ ಮಾಡು. ಈ ಮಳೆ ದೇಶದಲ್ಲಿ ಮಣ್ಣಲ್ಲಿ ಹೂತ ಕಂಬದ ಗತಿ ಏನಾಗತ್ತೆ ಅಂತ ನಿಮಗೆ ನಾನು ಹೇಳಬೇಕಾ.

ಮರ ಹಿನೋಕಿ ಅಂತ, ಸೈಪ್ರೆಸ್ ಜಾತಿ, ನೇರ ಎಳೆ, ತಿಳಿ ಬಣ್ಣ, ಹತ್ರ ಹೋದ್ರೆ ಘಮ್ ಅನ್ನತ್ತೆ. ಒಂದ್ಸಲಕ್ಕೆ ಹತ್ತು ಸಾವಿರದಷ್ಟು ಮರ ಬೇಕಂತೆ, ಹೆಚ್ಚಿನದು ಕಿಸೋ ಅನ್ನೋ ಗುಡ್ಡದ ಕಾಡಿಂದ ಬರತ್ತೆ. ಶಾಸ್ತ್ರಕ್ಕೆ ಕಡಿಯೋ ಮೊದಲ ಮರಗಳನ್ನ ಇವತ್ತಿಗೂ ಕೊಡಲೀಲೇ ಕಡಿಯೋದು, ಬುಡಕ್ಕೆ ಮೂರು ಕಡೆಯಿಂದ ತೂತು ಹೊಡೆದು, ಮೂರು ಕಾಲು ಮಾತ್ರ ಉಳಿಸಿ, ಕೊನೆಗೆ ಒಂದು ಕಾಲು ಕಡಿದ್ರೆ ಮರ ಎಲ್ಲಿಗೆ ಬೇಕೋ ಅಲ್ಲಿಗೇ ಬೀಳತ್ತೆ. ನನಗೆ ಜಾಸ್ತಿ ಹಿಡಿಸಿದ್ದು ಇನ್ನೊಂದು. ದೇವಸ್ಥಾನದವರದ್ದೇ ಸ್ವಂತ ಕಾಡಿದೆ, ಹಿಂದೆ ಕಡಿದು ಕಡಿದು ಬರಿದಾಗಿತ್ತು, 1923ರಲ್ಲಿ ಇನ್ನೂರು ವರ್ಷದ ಯೋಜನೆ ಹಾಕಿ ಹಿನೋಕಿ ನೆಡೋಕೆ ಶುರು ಮಾಡಿದ್ರು, 2013ಕ್ಕೆ ಬೇಕಾದ ಮರದಲ್ಲಿ ಸುಮಾರು ಕಾಲು ಭಾಗ ಆ ಕಾಡಿಂದಲೇ ಬಂತಂತೆ. ನೆಟ್ಟವರು ಯಾರೂ ಇಲ್ಲ ಅಪ್ಪ ಈಗ. ಅವರ ಕಾಲದಲ್ಲಿ ಒಂದು ತೊಲೆನೂ ಬರಲ್ಲ ಅಂತ ಗೊತ್ತಿದ್ದೇ ನೆಟ್ರು.

ಬಿಚ್ಚಿದ ಹಳೇ ನಾಟಾನೂ ವೇಸ್ಟ್ ಮಾಡಲ್ಲ, ಬೇರೆ ಊರುಗಳ ಗುಡಿಗೆ ಕೊಡ್ತಾರೆ. ಮಾಡಿನ ತುದಿ ಹೊರೋ ಎರಡು ದೊಡ್ಡ ಕಂಬ ಇರತ್ತಲ್ಲ, ಅವು 20 ವರ್ಷ ಆದ್ಮೇಲೆ ನೈಕೂ ಮುಂದಿನ ಉಜಿ ಸೇತುವೆಗೆ ಎರಡೂ ಕಡೆ ತೋರಣದ ಬಾಗಿಲಾಗಿ ನಿಲ್ತವೆ, ಅಲ್ಲಿ ಇನ್ನೊಂದು 20 ವರ್ಷ, ಅದಾದ್ಮೇಲೆ ಕುವಾನಾ ಮತ್ತೆ ಸೆಕಿ ಅನ್ನೋ ಊರುಗಳಿಗೆ ಹೋಗಿ ಅಲ್ಲೂ ಬಾಗಿಲಾಗಿ ನಿಲ್ತವೆ. ಕುವಾನಾ ನಮ್ಮ ಟ್ರೈನ್ ದಾರೀಲೇ ಬರತ್ತೆ. ಆ ಸೇತುವೆ ಕಂಬದ ಮೇಲೆ ಕೈ ಇಟ್ಟು ನೋಡಿದೆ, ಬೂದಿ ಬಣ್ಣಕ್ಕೆ ತಿರುಗಿದೆ, ಆದ್ರೆ ಒಂದು ಸೀಳು ಬಿಟ್ಟಿಲ್ಲ, ಅಂಚು ಹಾಗೇ ಚೂಪಾಗಿದೆ.

ಒಳಗಿನ ಗುಡಿ ಮಾತ್ರ ಕಣ್ತುಂಬ ನೋಡೋಕಾಗಲ್ಲ. ನಾಲ್ಕು ಸುತ್ತು ಬೇಲಿ, ಮೆಟ್ಟಿಲ ಮೇಲೆ ಫೋಟೋ ತೆಗೆಯಂಗಿಲ್ಲ, ಬಾಗಿಲಿಗೆ ಒಂದು ಬಿಳೀ ಪರದೆ. ಎರಡು ಸಲ ಬಗ್ಗಿ, ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೊಂದ್ಸಲ ಬಗ್ಗಿ ಕೈ ಮುಗಿಯೋದು. ನಾನು ನಿಂತಾಗ ಗಾಳಿಗೆ ಪರದೆ ಹಾರಿತು, ಬಿಳೀ ಕಲ್ಲು ಹಾಸಿದ ಅಂಗಳ ಒಂಚೂರು ಕಾಣಿಸ್ತು, ಅಷ್ಟೇ. ಅಷ್ಟಕ್ಕೇ ಗಂಟಲು ಕಟ್ಟಿದಂಗಾಯ್ತು, ಯಾಕೋ ಗೊತ್ತಿಲ್ಲ.

ಇಪ್ಪತ್ತೇ ವರ್ಷ ಯಾಕೆ ಅನ್ನೋದಕ್ಕೆ ಅಲ್ಲಿಯವರು ಒಂದು ಕಾರಣ ಹೇಳ್ತಾರೆ. ಇಪ್ಪತ್ತನೇ ವಯಸ್ಸಲ್ಲಿ ಕೆಲಸ ಕಲಿಯೋಕೆ ಬಂದ ಹುಡುಗ ನಲವತ್ತಕ್ಕೆ ಮುಖ್ಯ ಬಡಗಿ ಆಗ್ತಾನೆ, ಅರವತ್ತಕ್ಕೆ ನಿಂತು ಹೇಳಿಕೊಡ್ತಾನೆ. ಕಟ್ಟಡ ಮಾತ್ರ ಅಲ್ಲ, ದೇವರ ಬಟ್ಟೆ, ಕತ್ತಿ, ಬಿಲ್ಲು ಎಲ್ಲ ಸೇರಿ 1,576 ವಸ್ತು ಹೊಸದಾಗಿ ಮಾಡ್ತಾರೆ, ಹಾಗಾಗಿ ನೇಯೋರು, ಕಮ್ಮಾರರು ಎಲ್ಲರ ವಿದ್ಯೆನೂ ಉಳ್ಕೊಂಡಿದೆ. ನಮ್ಮ ಮಿಲ್ಲಿಗೆ ಬರ್ತಿದ್ದ ಆಚಾರಿ ನೆನಪಾದ್ರು ಅಪ್ಪ, ತೊಲೆ ಮೇಲೆ ಕಿವಿ ಇಟ್ಟು ತಟ್ಟಿ ಒಳಗೆ ಟೊಳ್ಳಿದ್ಯಾ ಅಂತ ಹೇಳ್ತಿದ್ರಲ್ಲ, ಅವರ ಮಕ್ಕಳು ಯಾರೂ ಉಳಿ ಹಿಡೀಲಿಲ್ಲ. ಹಿಡಿ ಅಂತ ಹೇಳೋಕೆ ನಾವು ಅವರಿಗೆ ಕೆಲಸ ಏನು ಕೊಟ್ವಿ?

ಊಟದ ವಿಷಯ ಬೇಗ ಹೇಳ್ತೀನಿ. ಇಸೆ ಉದೋನ್ ಅಂತ ದಪ್ಪ ಶ್ಯಾವಿಗೆ ಥರ, ಬಾಯಲ್ಲಿ ಇಟ್ರೆ ಕರಗತ್ತೆ, ಮೇಲೆ ಕಪ್ಪು ಸೋಯಾ ರಸ, ಅಜ್ಜಿ ಹಲ್ಲಿಗೆ ಹೇಳಿ ಮಾಡಿಸಿದ್ದು. ಅಕಾಫುಕು ಅಂತ, ಮೋಚಿ ಅನ್ನೋ ಮೆತ್ತನೆ ಅಂಟಕ್ಕಿ ಉಂಡೆ ಮೇಲೆ ಕೆಂಪು ಅಲಸಂದೆ ಥರದ ಕಾಳಿನ ಹೂರಣ, 1707ರಿಂದ ಮಾಡ್ತಿರೋ ಅಂಗಡಿ, ಹೂರಣದ ಮೇಲೆ ಬೆರಳಲ್ಲಿ ಎಳೆದ ಗೆರೆ ಇರ್ತವೆ, ಗುಡಿ ಮುಂದಿನ ಇಸುಜು ನದಿ ಹರಿಯೋದು ಅಂತ ಅದು.

ಮಾರನೇ ದಿನ ತೋಬಾ ಕಡೆ ಓಸಾತ್ಸು ಅನ್ನೋ ಹಳ್ಳಿ. ಅಮ್ಮ, ಇದು ನಿನಗೆ. ಅಲ್ಲಿ ಆಮಾ ಅಂತ ಹೆಂಗಸ್ರು ಇದಾರೆ, ಸಿಲಿಂಡರ್ ಗಿಲಿಂಡರ್ ಏನೂ ಇಲ್ದೆ ಬರೀ ಉಸಿರು ಕಟ್ಟಿ ಸಮುದ್ರಕ್ಕೆ ಮುಳುಗಿ ಚಿಪ್ಪು, ಕಡಲ ಸೊಪ್ಪು ತೆಗೀತಾರೆ. ಒಂದು ಮುಳುಗಿಗೆ ಐವತ್ತು ಸೆಕೆಂಡಿನಷ್ಟು, ಅಷ್ಟರಲ್ಲಿ ಕೆಳಗೆ ಹೋಗಿ ಬಂಡೆ ಸಂದಿ ಹುಡುಕಿ, ಮೀಟುಗೋಲಲ್ಲಿ ಎಬ್ಬಿಸಿ ಮೇಲೆ ಬರಬೇಕು. ಮೇಲೆ ಬಂದು ಉಸಿರು ಬಿಡೋವಾಗ ಸಿಳ್ಳೆ ಥರ ಒಂದು ಸದ್ದು ಬರತ್ತೆ. ತೋಬಾದಲ್ಲಿ ಮಿಕಿಮೊತೊ ಮುತ್ತಿನ ದ್ವೀಪ ಇದೆ, 1893ರಲ್ಲಿ ಮೊದಲು ಮುತ್ತು ಬೆಳೆಸಿದ ಜಾಗ, ಅಲ್ಲಿ ಬಿಳೀ ಬಟ್ಟೆ ಹಾಕ್ಕೊಂಡು ಮುಳುಗಿ ತೋರಿಸ್ತಾರೆ, ಆ ಸಿಳ್ಳೆ ನಾನು ಕೇಳಿದ್ದು ಅಲ್ಲೇ. ಮುತ್ತಿನ ಅಂಗಡಿ ನೋಡಿದ್ವಿ, ರೇಟ್ ಕೇಳಿ ಹೊರಗೆ ಬಂದ್ವಿ.

ಓಸಾತ್ಸುನಲ್ಲಿ ಅವರ ಗುಡಿಸಲಲ್ಲಿ ಕೂರಿಸಿ ಊಟ ಹಾಕ್ತಾರೆ, ನಡುವೆ ಕೆಂಡದ ಒಲೆ, ಸುತ್ತ ನಾವು. ನಮಗೆ ಬಡಿಸಿದ ಅಜ್ಜಿಗೆ ಎಪ್ಪತ್ತು ದಾಟಿದೆ ಅಮ್ಮ. ಮದುವೆಯಾಗಿ ಬಂದು ಅತ್ತೆ ಹತ್ರ ಮುಳುಗೋದು ಕಲಿತಿದ್ದಂತೆ. ಗಂಟು ಕಟ್ಟಿದ ದಪ್ಪ ಬೆರಳು, ಆದ್ರೆ ಬಿಸಿ ಚಿಪ್ಪನ್ನ ಇಕ್ಕಳ ಇಲ್ದೆ ಹಾಗೇ ತಿರುಗಿಸ್ತಿದ್ರು. ತಲೆಗೆ ಕಟ್ಟಿದ ಬಿಳೀ ವಸ್ತ್ರದ ಮೇಲೆ ನೇರಳೆ ದಾರದಲ್ಲಿ ಒಂದು ನಕ್ಷತ್ರ, ಪಕ್ಕದಲ್ಲಿ ಜಾಲಂದ್ರದ ಹಾಗೆ ಗೆರೆಗಳು. ನಕ್ಷತ್ರ ಕೈ ಎತ್ತದೆ ಒಂದೇ ಗೆರೇಲಿ ಬಿಡಿಸೋದು, ಶುರು ಮಾಡಿದಲ್ಲಿಗೇ ಬಂದು ನಿಲ್ಲತ್ತಲ್ಲ, ಹಾಗೇ ಮುಳುಗಿದೋಳು ವಾಪಸ್ ಮೇಲೆ ಬರಲಿ ಅಂತ.

ಅಬಲೋನ್ ಅಂತ ಬಂಡೆಗೆ ಅಂಟ್ಕೊಂಡಿರೋ ಕಡಲ ಬಸವನಹುಳು ಜಾತಿ, ಅದರ ಚಿಪ್ಪು 10.6 ಸೆಂಟಿಮೀಟರಿಗಿಂತ ಚಿಕ್ಕದಿದ್ರೆ ತಿರುಗಿ ಸಮುದ್ರಕ್ಕೇ ಬಿಡಬೇಕು, ಅಳೆಯೋಕೆ ಪಟ್ಟಿ ಇಟ್ಕೊಂಡಿರ್ತಾರೆ. ಇಸೆ ದೇವಸ್ಥಾನಕ್ಕೆ ಹೋಗೋ ಒಣಗಿಸಿದ ಅಬಲೋನ್ ಕೂಡ ಇಲ್ಲೇ ಹತ್ರದ ಕುಜಾಕಿ ಹಳ್ಳಿಯಿಂದ. ಆದ್ರೆ ಈಗ ಸಮುದ್ರದಲ್ಲಿ ಸೊಪ್ಪಿನ ಕಾಡೇ ಒಣಗ್ತಿದೆ, ನೀರು ಬಿಸಿಯಾಗಿದೆ, ತಿನ್ನೋಕೆ ಸೊಪ್ಪಿಲ್ದೆ ಚಿಪ್ಪೂ ಕಮ್ಮಿ. ಯುದ್ಧ ಮುಗಿದ ಹೊಸದರಲ್ಲಿ ಈ ಕಡೆ ಆರು ಸಾವಿರದಷ್ಟು ಆಮಾ ಇದ್ರಂತೆ, 2017ರ ಹೊತ್ತಿಗೆ ಏಳ್ನೂರೂ ಇಲ್ಲ. ಅದೇ ವರ್ಷ ಸರ್ಕಾರ ಇದನ್ನ ರಾಷ್ಟ್ರೀಯ ಜಾನಪದ ಪರಂಪರೆ ಅಂತ ಘೋಷಿಸಿದೆ, ಒಳ್ಳೇದೇ, ಆದ್ರೆ ಘೋಷಣೆ ಮಾಡಿದ್ರೆ ಸಮುದ್ರದಲ್ಲಿ ಸೊಪ್ಪು ಬೆಳೆಯತ್ತಾ. ಗುಡಿಗಾದ್ರೆ ಮರ ನೆಟ್ಟು ಕಾಯ್ತಿದಾರೆ, ಇವರಿಗೆ ಕಡಲನ್ನ ಯಾರು ನೆಟ್ಟುಕೊಡ್ತಾರೆ. ನಿಮ್ಮ ಸೊಸೆ ಮುಳುಗ್ತಾಳಾ ಅಂತ ಆ ಬಡಿಸಿದ ಅಜ್ಜೀನ ಇವ್ರ ಕೈಲಿ ಜಪಾನಿಯಲ್ಲಿ ಕೇಳಿಸಿದೆ, ಇಲ್ಲ, ಒಸಾಕಾದಲ್ಲಿ ಆಫೀಸ್ ಕೆಲಸ ಅಂದ್ರು, ಬೇಜಾರಿಲ್ಲದ ಹಾಗೇ ಅಂದ್ರು, ನನಗೇ ಬೇಜಾರಾಯ್ತು.

ಅದಕ್ಕೇ ಹೇಳ್ತಿರೋದು, ಬನ್ನಿ. ಅಪ್ಪ ನಿಮ್ಮ ಪಾಸ್‌ಪೋರ್ಟ್ ಡೇಟ್ ಮುಗಿದಿರಬೇಕು, ಈ ವಾರವೇ ರಿನ್ಯೂವಲ್‌ಗೆ ಹಾಕಿ, ಅಮ್ಮಂದು ಹೊಸದಾಗಿ ಮಾಡಿಸಿ, ವೀಸಾ ಪೇಪರ್ಸ್ ನಾವು ಇಲ್ಲಿಂದ ಕಳಿಸ್ತೀವಿ. ಮೇ, ಜೂನ್‌ನಲ್ಲಿ ಬಂದ್ರೆ ಫುತಾಮಿ ಅನ್ನೋ ಜಾಗದಲ್ಲಿ ಗಂಡ ಹೆಂಡತಿ ಬಂಡೆ ಅಂತ ಸಮುದ್ರದಲ್ಲಿ ಎರಡು ಬಂಡೆ ಇವೆ, ಒಂದಕ್ಕೊಂದು ದಪ್ಪ ಹುಲ್ಲಿನ ಹಗ್ಗ ಕಟ್ಟಿದಾರೆ, ಆ ಟೈಮಲ್ಲಿ ಸೂರ್ಯ ಅವೆರಡರ ನಡುವೆ ಹುಟ್ಟೋದು ಕಾಣತ್ತೆ, ಈಗ ಹೋದ್ರೆ ಆ ಕಡೆ ಹುಟ್ಟಲ್ಲ. ಗುಡಿ ದಾರಿ ಪೂರ್ತಿ ಜಲ್ಲಿಕಲ್ಲು, ಅಮ್ಮ ಚಪ್ಪಲಿ ಬೇಡ, ನಾನು ಕಳಿಸಿದ ಶೂ ಹಾಕ್ಕೊಂಡೇ ಬಾ. ಅಜ್ಜೀನ ಚಿಕ್ಕಪ್ಪನ ಮನೇಲಿ ಹದಿನೈದು ದಿನ ಬಿಡೋಕಾಗತ್ತಾ ಕೇಳಿ ನೋಡಿ. ಬಿಪಿ ಮಾತ್ರೆ ಮರೀಬೇಡ ಅಂತ ಅಜ್ಜಿಗೂ ಹೇಳಿ, ಅಪ್ಪಂಗೂ.

ನಿಮ್ಮ ಮಗಳು