ಶಾರ್ಕ್ ಬಾರದ ದಿನದ ಬಗ್ಗೆ, ತಮ್ಮನ ಮಗನಿಗೆ

ಚಿರಂಜೀವಿ ಮಗನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಫ್ಲೋರಿಡಾದ ಕೀ ವೆಸ್ಟ್‌ನಿಂದ ನೀನು ಬರೆದದ್ದು ತಲುಪಿತು. ಗೈಡ್ ಆಗಿ ನೀನು ಗಿರಾಕಿಗಳನ್ನು ಶಾರ್ಕ್ ಹಿಡಿಯಲು ಕರೆದೊಯ್ದ ನಾಲ್ಕು ಗಂಟೆಯ ಟ್ರಿಪ್, ದೋಣಿಯಲ್ಲಿ ಒಬ್ಬ ತಂದೆ, ಇಬ್ಬರು ಮಕ್ಕಳು. ಒಂದು ಶಾರ್ಕೂ ಗಾಳ ಮುಟ್ಟಲಿಲ್ಲ, ಇಳಿಯುವಾಗ ಆ ಮಕ್ಕಳ ಮುಖ ನೋಡಲಾಗಲಿಲ್ಲ ಎಂದಿದ್ದೀಯ. ನಿನ್ನ ಸಂಕಟ ಅರ್ಥವಾಗುತ್ತದೆ. ಆದರೆ ಅದೃಷ್ಟ ಕೈಕೊಟ್ಟಿತು ಎಂದು ಬರೆದ ಸಾಲನ್ನು ಮಾತ್ರ ಒಪ್ಪಲಾರೆ. ಕಾರಣಗಳೆಲ್ಲ ನಿನ್ನ ಪತ್ರದಲ್ಲೇ ಇವೆ.

ಹಿಂದಿನ ರಾತ್ರಿ ಕೋಲ್ಡ್ ಫ್ರಂಟ್, ಅಂದರೆ ತಂಪು ಗಾಳಿಯ ಅಲೆ, ದಾಟಿ ಗಾಳಿ ವಾಯವ್ಯಕ್ಕೆ ತಿರುಗಿತ್ತು. ಮೊಣಕಾಲುದ್ದ ನೀರಿನ ಸಮುದ್ರದ ಬಯಲು, ಅಂದರೆ ಫ್ಲ್ಯಾಟ್, ಒಂದೇ ರಾತ್ರಿಯಲ್ಲಿ ತಣ್ಣಗಾಗುತ್ತದೆ, ಪಕ್ಕದ ಆಳದ ಕಾಲುವೆ, ಅಂದರೆ ಚಾನೆಲ್, ಅಷ್ಟು ಬೇಗ ತಣಿಯುವುದಿಲ್ಲ. ನೀರು 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಬ್ಲ್ಯಾಕ್‌ಟಿಪ್ ಶಾರ್ಕ್‌ಗಳು ಫ್ಲ್ಯಾಟ್ ಬಿಟ್ಟು ಆಳಕ್ಕೆ ಸರಿದಿರುತ್ತವೆ ಎಂದೇ ತಿಳಿ. ನೀನು ಬೆಳಗ್ಗೆ ಏಳಕ್ಕೆ ಅಲ್ಲೇ ಲಂಗರು ಹಾಕಿದೆ. ಫ್ರಂಟ್ ಬರುವ ಮುಂಚಿನ ದಿನ ಗಾಳಿ ಆಗ್ನೇಯದಿಂದ ದಕ್ಷಿಣಕ್ಕೆ, ನೈರುತ್ಯಕ್ಕೆ ಹೊರಳುವಾಗ ಮೀನು ಚೆನ್ನಾಗಿ ತಿನ್ನುತ್ತದೆ. ದಾಟಿದ ಮಾರನೆಯ ಬೆಳಗ್ಗೆ ಅತಿ ಕೆಟ್ಟ ಹೊತ್ತು. ಆ ದಿನ ಹೋಗಲೇಬೇಕಾದರೆ ಬಿಸಿಲು ಫ್ಲ್ಯಾಟಿನ ತಳ ಕಾಯಿಸಿದ ಮೇಲೆ, ಮಧ್ಯಾಹ್ನ ಹೋಗು. ಇಲ್ಲವೇ ಚಾನೆಲ್ಲಿನ ಅಂಚಿನಲ್ಲಿ ನಿಲ್ಲು. ಸೋನಾರ್‌ ಪರದೆಯಲ್ಲಿ ಮೂಲೆಯಲ್ಲಿರುವ ತಾಪಮಾನದ ಅಂಕಿಯನ್ನು ಲಂಗರು ಬಿಡುವ ಮೊದಲು ನೋಡುವುದು ರೂಢಿಯಾಗಲಿ.

ಆದರೆ ಆ ದಿನವನ್ನು ನಿಜವಾಗಿ ಕೆಡಿಸಿದ್ದು ಚಮ್, ಅಂದರೆ ವಾಸನೆಯಿಂದ ಶಾರ್ಕನ್ನು ಸೆಳೆಯಲು ನೀರಿಗೆ ಬಿಡುವ ಅರೆದ ಮೀನು. ತಣ್ಣೀರಿನಲ್ಲಿ ಹೆಪ್ಪುಗಟ್ಟಿದ ಚಮ್ ಗಟ್ಟಿ ಬೇಗ ಕರಗುವುದಿಲ್ಲ. ಜಾಲಿ ಚೀಲದಲ್ಲಿ ಕಲ್ಲಿನಂತೆ ಕೂತಿರುತ್ತದೆ, ಎಣ್ಣೆ ಹೊರಗೆ ಬರುವುದೇ ಇಲ್ಲ. ಅರ್ಧ ಗಟ್ಟಿಯನ್ನು ಮೊದಲೇ ಬಕೆಟ್ಟಿನ ಸಮುದ್ರದ ನೀರಿನಲ್ಲಿ ಒಡೆದು ಕಲಸಿಟ್ಟುಕೊ, ಐದೈದು ನಿಮಿಷಕ್ಕೆ ಒಂದು ಸೌಟು ಬಿಡು, ಉಳಿದರ್ಧ ಚೀಲದಲ್ಲಿ ತೂಗುತ್ತಿರಲಿ. ಮೆನ್‌ಹೇಡನ್ ಮೀನಿನ ಎಣ್ಣೆ ಹನಿಹನಿಯಾಗಿ ಬೀಳಲಿ. ಹೆಚ್ಚು ತುಂಡು ಎಸೆಯಬೇಡ. ಹೊಟ್ಟೆ ತುಂಬಿದ ಶಾರ್ಕ್ ಗಾಳದ ಎರೆಗೆ ಬಾಯಿ ಹಾಕುವುದಿಲ್ಲ.

ಇನ್ನು ಸೆಳೆತದ ದಿಕ್ಕು. ಗಾಳಿ ಒಂದು ಕಡೆ, ನೀರು ಇನ್ನೊಂದು ಕಡೆ ಎಳೆಯುವಾಗ ದೋಣಿ ಗಾಳಿಗೆ ಮುಖ ಮಾಡಿ ನಿಲ್ಲುತ್ತದೆ, ಚಮ್ಮಿನ ಜಾಡು ನೀರಿನ ಹಿಂದೆ ಹೋಗುತ್ತದೆ. ನೀನು ಎರೆಗಳನ್ನೆಲ್ಲ ದೋಣಿಯ ಹಿಂಬದಿಗೆ ಬಿಟ್ಟಿದ್ದೆ. ಜಾಡು ಬಲಗಡೆಗೆ ಹರಿಯುತ್ತಿತ್ತು! ಎಣ್ಣೆಯ ಹೊಳಪು ಹೋಗುವ ದಿಕ್ಕನ್ನು ಕಣ್ಣಾರೆ ನೋಡಿ, ಚೀಲ ಆ ಬದಿಗೆ ಕಟ್ಟಿ, ಎರೆಯನ್ನೂ ಅದೇ ಸಾಲಿಗೆ ಬಿಡಬೇಕು. ಉಬ್ಬರದಲ್ಲಿ ಶಾರ್ಕ್ ಚಾನೆಲ್ಲಿನಿಂದ ಫ್ಲ್ಯಾಟಿಗೆ ಏರುತ್ತದೆ, ಇಳಿತದಲ್ಲಿ ಚಾನೆಲ್ಲಿನ ಬಾಯಲ್ಲಿ ಕಾಯುತ್ತದೆ. ಜಾಡು ಅಲ್ಲಿಗೆ ತಲುಪುವಂತೆ ನಿಲ್ಲು. ನೀರು ನಿಂತ ಹೊತ್ತಿನಲ್ಲಿ ಜಾಡೂ ನಿಲ್ಲುತ್ತದೆ, ಆಗ ಸಾಮಾನು ಸರಿಮಾಡಿಕೊ. ಪ್ರತಿ ಜಾಗಕ್ಕೂ ಮುಕ್ಕಾಲು ಗಂಟೆಯಾದರೂ ಕೊಡಬೇಕು. ನೀನು ಇಪ್ಪತ್ತು ನಿಮಿಷಕ್ಕೊಮ್ಮೆ ಎಂಜಿನ್ ಹಾಕಿ ಹೊರಟೆ, ಪ್ರತಿ ಸಲವೂ ಜಾಡು ಮೊದಲಿನಿಂದ ಶುರು. ನಾಲ್ಕು ಗಂಟೆಯ ಟ್ರಿಪ್ಪಿಗೆ ಎರಡು ಜಾಗ ಸಾಕು, ಮೂರು ಹೆಚ್ಚಾಯಿತು.

ಸಾಮಾನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಿನ್ನ ಕೈ ಅದರಲ್ಲಿ ಪಳಗಿದೆ. ಗಾಳದ ಹತ್ತಿರ ಎರಡಡಿ ಒಂಟಿ ಎಳೆಯ ಉಕ್ಕಿನ ತಂತಿ, ಅದರ ಮೇಲೆ ಆರೇಳು ಅಡಿ 100 ಪೌಂಡ್ ತಾಳುವ ಮೊನೊ, ಅಂದರೆ ಒಂಟಿ ಎಳೆಯ ನೈಲಾನ್ ದಾರ, ಇರಲಿ. ಶಾರ್ಕಿನ ಚರ್ಮ ಉಜ್ಜಿದರೆ ರೀಲಿನ ಹೆಣೆದ ದಾರ, ಬ್ರೇಡ್, ನಿಲ್ಲುವುದಿಲ್ಲ. ತಂತಿ ಒಮ್ಮೆ ಮಡಚಿದರೆ ನೆಟ್ಟಗೆ ಮಾಡಿ ಮತ್ತೆ ಬಳಸಬೇಡ, ಎಸೆದುಬಿಡು. 50 ಪೌಂಡಿನ ಬ್ರೇಡಿಗೆ ರೀಲಿನ ಡ್ರ್ಯಾಗನ್ನು, ಅಂದರೆ ದಾರ ಬಿಡುವ ಬಿಗಿತವನ್ನು, ಸ್ಪ್ರಿಂಗ್ ತಕ್ಕಡಿಯಲ್ಲಿ ಎಳೆದು 12ರಿಂದ 15 ಪೌಂಡಿಗೆ ಹೊಂದಿಸು. ಎರೆಯಾಗಿ ಹಾಕಿದ ಬ್ಯಾರಕುಡಾ ಅಥವಾ ಬೊನಿಟೊ ಮೀನಿನ ತುಂಡು ಇಪ್ಪತ್ತು ನಿಮಿಷದಲ್ಲಿ ರಸ ಕಳೆದುಕೊಂಡು ಬಿಳಚುತ್ತದೆ, ಬದಲಿಸುತ್ತಿರು. ತುದಿ ಒಳಕ್ಕೆ ಬಾಗಿದ ಗಾಳಕ್ಕೆ, ಅಂದರೆ ಸರ್ಕಲ್ ಹುಕ್ಕಿಗೆ, ರಾಡ್ ಜಗ್ಗಬಾರದೆಂದು ಮಕ್ಕಳಿಗೆ ಮೊದಲೇ ಹೇಳಿಕೊಡು. ರೀಲ್ ತಿರುಗಿಸುತ್ತ ಬಿಗಿ ಮಾಡಿದರೆ ಅದೇ ಬಾಯಿಯ ಮೂಲೆಗೆ ಕಚ್ಚಿಕೊಳ್ಳುತ್ತದೆ.

ಈಗ ನನಗೆ ನಿಜಕ್ಕೂ ಭಯ ಹುಟ್ಟಿಸಿದ ಮಾತು. ಕೊನೆಯ ಗಂಟೆಯಲ್ಲಿ ಒಂದು ದೊಡ್ಡ ಹ್ಯಾಮರ್‌ಹೆಡ್, ಸುತ್ತಿಗೆ ತಲೆಯ ಶಾರ್ಕ್, ದೋಣಿಯ ಹತ್ತಿರ ಸುಳಿಯಿತು, ಕಚ್ಚಿದ್ದರೆ ದಿನ ಉಳಿಯುತ್ತಿತ್ತು, ದೋಣಿಗೆತ್ತಿ ಫೋಟೊ ತೆಗೆಸಬಹುದಿತ್ತು ಎಂದು ಬರೆದಿದ್ದೀಯ. ಬೇಡ ಮಗಾ. ಬರಿಗೈಯ ದಿನದ ಕೊನೆಯ ಗಂಟೆಯಲ್ಲೇ ಗೈಡ್ ತಪ್ಪು ಮಾಡುವುದು. ಫ್ಲೋರಿಡಾದ ನೀರಿನಲ್ಲಿ ಗ್ರೇಟ್ ಹ್ಯಾಮರ್‌ಹೆಡ್ಡನ್ನು 2012ರಿಂದ ಇಟ್ಟುಕೊಳ್ಳುವಂತಿಲ್ಲ. 2019ರ ನಿಯಮದಂತೆ ನಿಷಿದ್ಧ ಜಾತಿಯ ಶಾರ್ಕಿನ ಕಿವಿರು ನೀರಿನಲ್ಲೇ ಇರಬೇಕು, ತುದಿ ಪಕ್ಕಕ್ಕೆ ವಾಲದ (ಆಫ್‌ಸೆಟ್ ಇಲ್ಲದ), ಸ್ಟೇನ್‌ಲೆಸ್ ಅಲ್ಲದ ಸರ್ಕಲ್ ಹುಕ್ ಬೇಕು, ಗಾಳ ಅಥವಾ ಅದಕ್ಕೆ ಕಟ್ಟಿದ ತಂತಿ-ದಾರ (ಲೀಡರ್) ಕತ್ತರಿಸುವ ಸಾಧನ ಕೈಯಳತೆಯಲ್ಲಿರಬೇಕು. ಕಾನೂನು ಹಾಗಿರಲಿ, ಹ್ಯಾಮರ್‌ಹೆಡ್ ದಣಿಯುವವರೆಗೂ ಹೋರಾಡುವ ಜೀವ. ಬಿಟ್ಟ ಮೇಲೆ ಈಜಿ ಹೋದಂತೆ ಕಂಡರೂ ಎಷ್ಟೋ ಸಲ ಮುಂದೆ ಎಲ್ಲೋ ಸಾಯುತ್ತದೆ. ಅದು ಕಂಡರೆ ಎರೆಗಳನ್ನೆಲ್ಲ ಮೇಲೆಳೆದುಕೊ. ಅಷ್ಟು ಹತ್ತಿರದಿಂದ ಅದನ್ನು ನೋಡುವುದೇ ಆ ಮಕ್ಕಳಿಗೆ ಸಿಕ್ಕ ದೊಡ್ಡ ಭಾಗ್ಯ. ಅದನ್ನು ಹಾಗೆಂದು ಬಾಯಿಬಿಟ್ಟು ಹೇಳುವುದು ನಿನ್ನ ಕೆಲಸ. ತಪ್ಪಿ ಕಚ್ಚಿದರೆ ಕಾಯಬೇಡ, ಹತ್ತಿರ ತಂದು ತಂತಿಯನ್ನು ಗಾಳದ ಬುಡದಲ್ಲೇ ಕತ್ತರಿಸು.

ಗಿರಾಕಿಗಳ ಹತ್ತಿರ ಮೊದಲೇ ಬಾಯಿ ಬಿಚ್ಚು. ಹಿಂದಿನ ಸಂಜೆಯೇ ಫೋನ್ ಮಾಡಿ, "ನೀರು ತಣ್ಣಗಿದೆ, ಶಾರ್ಕ್ ಸಿಗುವುದು ಕಷ್ಟ, ಮಧ್ಯಾಹ್ನಕ್ಕೆ ಹಾಕೋಣವೇ, ಬೇರೆ ದಿನ ಬರುತ್ತೀರಾ" ಎಂದು ಕೇಳಿದ್ದರೆ ಅರ್ಧ ಬೇಸರ ಅಲ್ಲೇ ಹೋಗುತ್ತಿತ್ತು. ಬಂದೇ ಬರುತ್ತೇವೆ ಎಂದರೆ, ಎರಡನೇ ಗಂಟೆ ಮುಗಿಯುವಾಗ ಮತ್ತೆ ಕೇಳು: ಇದೇ ಹಟ ಹಿಡಿಯೋಣವೋ, ಚಾನೆಲ್ಲಿನಲ್ಲಿ ಸ್ನ್ಯಾಪರ್, ಜ್ಯಾಕ್ ಮೀನು ಹಿಡಿಯೋಣವೋ? ಚಿಕ್ಕ ಮಕ್ಕಳಿಗೆ ರಾಡ್ ಬಾಗಿದರೆ ಸಾಕು. ಎರಡು ಹಗುರ ರಾಡ್, ಒಂದು ಪೌಂಡ್ ಸಿಗಡಿ ಯಾವಾಗಲೂ ದೋಣಿಯಲ್ಲಿರಲಿ. ನಿರ್ಧಾರ ಅವರದಾಗಲಿ. ಮೂರೂವರೆ ಗಂಟೆ ಸುಮ್ಮನಿದ್ದು ಕೊನೆಗೆ ಕ್ಷಮಿಸಿ ಎಂದರೆ ಯಾರಿಗೂ ಹಿಡಿಸುವುದಿಲ್ಲ.

ಆ ತಂದೆಗೆ ಇವತ್ತೇ ಒಂದು ಸಂದೇಶ ಕಳಿಸು. ನೆಪ ಹೇಳಬೇಡ, ನೀರು ಏಕೆ ಖಾಲಿಯಿತ್ತೆಂದು ಎರಡು ಸಾಲು ಸಾಕು. ಈ ವಾರ ಗಾಳಿ ಪೂರ್ವಕ್ಕೆ ತಿರುಗಿ ಎರಡು ದಿನ ಬಿಸಿಲು ಕಾದ ಮೇಲೆ, ಮಧ್ಯಾಹ್ನ ಉಬ್ಬರವಿರುವ ದಿನ ನೋಡಿ ಬುಕಿಂಗ್ ತೆಗೆದುಕೊ. ಹೊರಡುವ ಮುಂಚೆ ತಂತಿ ಲೀಡರ್‌ಗಳನ್ನು ಹೊಸದಾಗಿ ಕಟ್ಟಿಕೊ.

ಇಂತಿ,
ನಿನ್ನ ದೊಡ್ಡಪ್ಪ